ಸೆಂಟರ್ ಸ್ಪೀಕರ್ ನೀವೇ ಕಟ್ಟಿಕೊಳ್ಳುವುದು: ಸೋಫಾದ ತುದಿಯವರಿಗೂ ಮಾತು ಕೇಳಿಸುವಂತೆ

ಹೋಮ್ ಥಿಯೇಟರಿನಲ್ಲಿ ಸಂಭಾಷಣೆಯ ಬಹುಪಾಲು ಹೊರಡುವುದು ಎಡಬಲದ ಸ್ಪೀಕರುಗಳ ನಡುವೆ ಇಡುವ ಸೆಂಟರ್ ಸ್ಪೀಕರಿನಿಂದ. ಆದರೆ ವಿನ್ಯಾಸದಲ್ಲಿ ಅತಿ ಹೆಚ್ಚು ರಾಜಿಯಾಗುವುದೂ ಅದರಲ್ಲೇ. ಟಿವಿಯ ಕೆಳಗೆ ಹಿಡಿಸಬೇಕೆಂದು ಪೆಟ್ಟಿಗೆಯನ್ನು ಅಡ್ಡ ಮಲಗಿಸುತ್ತಾರೆ, ನಡುವೆ ಟ್ವೀಟರ್ (ಮೇಲಿನ ಆವರ್ತನದ ಸದ್ದಿಗೆ), ಆಚೀಚೆ ಒಂದೊಂದು ವೂಫರ್ (ಕೆಳಗಿನ ಆವರ್ತನದ ಸದ್ದಿಗೆ) ಕೂರಿಸುತ್ತಾರೆ. ನೇರ ಎದುರಿಗೆ ಕೂತವರಿಗೆ ಇದು ಚೆನ್ನಾಗಿಯೇ ಕೇಳಿಸುತ್ತದೆ. ಸೋಫಾದ ತುದಿಯಲ್ಲಿ ಕೂತವರು ಮಾತ್ರ ಮಾತು ಅರ್ಥವಾಗದೆ ರಿಮೋಟಿಗೆ ಕೈ ಹಾಕುತ್ತಾರೆ.

ಕಾರಣ ಸರಳ. ಎರಡು ವೂಫರ್ ಒಂದೇ ಸದ್ದನ್ನು ಹೊರಡಿಸುತ್ತಿವೆ. ಕೇಳುವವರು ಪಕ್ಕಕ್ಕೆ ಸರಿದಂತೆ ಒಂದು ವೂಫರ್ ಹತ್ತಿರವಾಗುತ್ತದೆ, ಇನ್ನೊಂದು ದೂರವಾಗುತ್ತದೆ. ಆ ದೂರದ ವ್ಯತ್ಯಾಸ ಅಲೆಯ ಉದ್ದದ ಅರ್ಧದಷ್ಟಾದ ಕಡೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಆರೂವರೆ ಇಂಚಿನ ಎರಡು ವೂಫರ್‌ಗಳ ನಡುವೆ ಟ್ವೀಟರ್ ಇಟ್ಟರೆ ವೂಫರ್‌ಗಳ ಕೇಂದ್ರದಿಂದ ಕೇಂದ್ರಕ್ಕೆ ಸುಮಾರು 280 ಮಿ.ಮೀ. ಆಗುತ್ತದೆ. 2500 ಹರ್ಟ್ಸ್‌ನಲ್ಲಿ ಅಲೆಯ ಉದ್ದ 137 ಮಿ.ಮೀ. ಲೆಕ್ಕ ಹಾಕಿದರೆ ಕೇವಲ 14 ಡಿಗ್ರಿ ಪಕ್ಕದಲ್ಲಿ ವೂಫರ್‌ಗಳ ಸದ್ದು ಬಿದ್ದುಹೋಗುತ್ತದೆ. 3 ಮೀಟರ್ ದೂರದ ಸೋಫಾದಲ್ಲಿ ಅದು ನಡುವಿನಿಂದ ಮುಕ್ಕಾಲು ಮೀಟರ್, ಅಂದರೆ ಪಕ್ಕದ ಸೀಟು. 1500 ಹರ್ಟ್ಸ್‌ನಲ್ಲಿ ಇದೇ ಗುಂಡಿ 24 ಡಿಗ್ರಿಗೆ ಸರಿಯುತ್ತದೆ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸಬೇಕಾದ ಜಾಗ ಇದು. ರಿಸೀವರ್, ಅಂದರೆ ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರ್, ಕೋಣೆಗೆ ತಕ್ಕಂತೆ ತಾನೇ ಸದ್ದು ತಿದ್ದುವ ರೂಮ್ ಕರೆಕ್ಷನ್ ಕೂಡ ಇದನ್ನು ಸರಿಮಾಡಲಾರದು; ಒಂದು ಸೀಟಿನ ಗುಂಡಿ ತುಂಬಲು ಹೋದರೆ ಇನ್ನೊಂದು ಸೀಟಿನಲ್ಲಿ ಗುಡ್ಡ ಏಳುತ್ತದೆ.

ಹಾಗಾಗಿ ಸ್ವಂತ ಸ್ಪೀಕರ್ ಕಟ್ಟುವವರು ಮೊದಲು ಚಾಲಕಗಳ (ವೂಫರ್, ಟ್ವೀಟರಿನಂತೆ ಸದ್ದು ಹೊರಡಿಸುವ ಭಾಗಗಳ) ಜೋಡಣೆಯ ಬಗ್ಗೆ ಯೋಚಿಸಬೇಕು. ಮರ, ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ.

ಯಾವ ಜೋಡಣೆ

ಸದ್ದು ದಾಟುವ ಪರದೆ ಇದ್ದು ಸ್ಪೀಕರನ್ನು ಅದರ ಹಿಂದೆ ನಿಲ್ಲಿಸಬಹುದಾದರೆ ಇನ್ನೇನೂ ಯೋಚಿಸಬೇಡಿ. ಎಡಬಲದಲ್ಲಿರುವ ಸ್ಪೀಕರನ್ನೇ ಇನ್ನೊಂದು ಕಟ್ಟಿ ನೆಟ್ಟಗೆ ನಿಲ್ಲಿಸಿ. ಅದಕ್ಕಿಂತ ಒಳ್ಳೆಯ ಸೆಂಟರ್ ಇಲ್ಲ.

ಟಿವಿಯ ಕೆಳಗೆ ಅಡ್ಡಲಾಗಿಯೇ ಇರಬೇಕೆಂದರೆ ಸದ್ದನ್ನು ಮೂರು ಪಾಲು ಮಾಡಿ ಹಂಚುವ ತ್ರೀ-ವೇ ಕಟ್ಟಬೇಕು: ನಡುವೆ ಮಧ್ಯದ ಆವರ್ತನಗಳ ಮಿಡ್‌ರೇಂಜ್ (ಮಿಡ್), ಅದರ ನೆತ್ತಿಯ ಮೇಲೆ ಟ್ವೀಟರ್, ಎರಡು ಬದಿಗೆ ವೂಫರ್. ಇಲ್ಲಿ ವೂಫರ್‌ಗಳು 450 ಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಬಿಟ್ಟುಕೊಡುತ್ತವೆ. ಮುಂದೆ ಕೊಟ್ಟಿರುವ ಅಳತೆಯಲ್ಲಿ ಅವುಗಳ ಕೇಂದ್ರಗಳ ನಡುವೆ 370 ಮಿ.ಮೀ. ಇದೆ. ಈ ಅಂತರದಲ್ಲಿ ಸುಮಾರು 460 ಹರ್ಟ್ಸ್‌ಗಿಂತ ಕೆಳಗೆ ಯಾವ ಕೋನದಲ್ಲೂ ಪೂರ್ತಿ ಅಳಿಯುವಿಕೆ ಆಗುವುದೇ ಇಲ್ಲ. 450 ಹರ್ಟ್ಸ್‌ನಲ್ಲಿ 20 ಡಿಗ್ರಿ ಪಕ್ಕದಲ್ಲಿ ವೂಫರ್ ಜೋಡಿ ಕಳೆದುಕೊಳ್ಳುವುದು ಒಂದೂಕಾಲು ಡೆಸಿಬೆಲ್ ಅಷ್ಟೇ. ಅದರ ಮೇಲಿನದೆಲ್ಲ ಒಂದೇ ಲಂಬ ಗೆರೆಯ ಮೇಲಿರುವ ಮಿಡ್ ಮತ್ತು ಟ್ವೀಟರಿನಿಂದ ಬರುತ್ತದೆ, ಪಕ್ಕಕ್ಕೆ ಸರಿದರೂ ಇವೆರಡರ ದೂರ ಬೇರೆಬೇರೆ ಆಗುವುದಿಲ್ಲ. ಗುಂಡಿ ಬಿದ್ದರೆ ಮೇಲೆ ಕೆಳಗೆ ಬೀಳುತ್ತದೆ, ಅಲ್ಲಿ ಯಾರೂ ಕೂತಿರುವುದಿಲ್ಲ.

ಟೂ-ವೇಯಲ್ಲೇ ಮುಗಿಸಲೇಬೇಕಾದರೆ ಎರಡೂವರೆ-ವೇ ಎಂಬ ದಾರಿಯಿದೆ. ಒಂದು ವೂಫರನ್ನು 400-500 ಹರ್ಟ್ಸ್‌ನಿಂದಾಚೆ ಇಳಿಸಿ, ಇನ್ನೊಂದನ್ನು ಮಾತ್ರ ಟ್ವೀಟರಿನವರೆಗೆ ಏರಗೊಡಿ. ಎಡ ಪಕ್ಕದ ಸದ್ದು ಬಲ ಪಕ್ಕದಂತೆ ಇರುವುದಿಲ್ಲ, ಆದರೂ ಎರಡು ವೂಫರ್ ಒಟ್ಟಿಗೆ ಏರುವ ಜೋಡಣೆಗಿಂತ ಎಷ್ಟೋ ವಾಸಿ. ಇಲ್ಲಿಂದ ಮುಂದೆ ಹೇಳುವುದೆಲ್ಲ ತ್ರೀ-ವೇಗೆ.

ಚಾಲಕಗಳನ್ನು ಆರಿಸುವಾಗ

ಬೇಕಾದದ್ದು 8 ಓಮ್‌ನ ಆರೂವರೆ ಇಂಚಿನ ವೂಫರ್ ಎರಡು, 8 ಓಮ್‌ನ ನಾಲ್ಕು ಇಂಚಿನ ಮಿಡ್‌ರೇಂಜ್ ಒಂದು, ಒಂದು ಇಂಚಿನ ಡೋಮ್ ಟ್ವೀಟರ್ ಒಂದು. ಎಡಬಲದ ಸ್ಪೀಕರಿನಲ್ಲಿರುವ ಟ್ವೀಟರೇ ಸಿಕ್ಕರೆ ಅದನ್ನೇ ಹಾಕಿ. ವಿಮಾನವೊಂದು ಪರದೆಯ ಎಡದಿಂದ ಬಲಕ್ಕೆ ಹಾರುವಾಗ ನಡುವೆ ಸದ್ದಿನ ಬಣ್ಣ ಬದಲಾಗಬಾರದು. ಟ್ವೀಟರ್ ಒಂದೇ ಆದರೆ ಅರ್ಧ ಕೆಲಸ ಆದಂತೆ. ಮಿಡ್ ಕೂಡ ಅದೇ ಕುಟುಂಬದ್ದಾದರೆ ಇನ್ನೂ ಒಳ್ಳೆಯದು.

ಸದ್ದನ್ನು ಚಾಲಕಗಳ ನಡುವೆ ಹಂಚುವ ಸರ್ಕ್ಯೂಟೇ ಕ್ರಾಸ್‌ಓವರ್. ಟ್ವೀಟರಿನ ಸ್ವಂತ ಅನುರಣನ ಆವರ್ತನ (ಅದು ತಾನಾಗಿ ಹೆಚ್ಚು ಕಂಪಿಸುವ ಆವರ್ತನ) ಕ್ರಾಸ್‌ಓವರ್ ಬೇರ್ಪಡಿಸುವ ಆವರ್ತನದ ಅರ್ಧಕ್ಕಿಂತ ಕೆಳಗಿರಬೇಕು. 2500 ಹರ್ಟ್ಸ್‌ನಲ್ಲಿ ಬೇರ್ಪಡಿಸುವುದಾದರೆ 1000 ಹರ್ಟ್ಸ್ ಅಥವಾ ಅದಕ್ಕೂ ಕಡಿಮೆ ಇರುವ ಟ್ವೀಟರ್ ಹುಡುಕಿ. ಚೌಕಟ್ಟು ಚಿಕ್ಕದಾಗಿದ್ದಷ್ಟೂ ಮಿಡ್‌ಗೆ ಹತ್ತಿರ ಕೂರಿಸಬಹುದು.

ಸಂವೇದನೆಯ (ಅದೇ ವೋಲ್ಟೇಜಿಗೆ ಚಾಲಕ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ) ಲೆಕ್ಕ ಕಾಗದದ ಮೇಲೆ ಮೊದಲೇ ಹಾಕಿಕೊಳ್ಳಿ. 86 ಡೆಸಿಬೆಲ್‌ನ ಎರಡು ವೂಫರನ್ನು ಸಮಾಂತರವಾಗಿ ಜೋಡಿಸಿದರೆ ಅದೇ ವೋಲ್ಟೇಜಿಗೆ 92 ಬರುತ್ತದೆ. ಕೆಳ ಆವರ್ತನದ ಸದ್ದು ಪೆಟ್ಟಿಗೆಯ ಹಿಂದಕ್ಕೂ ಸುತ್ತಿಕೊಂಡು ಹೋಗುವುದರಿಂದ ಅದರಲ್ಲಿ 4ರಿಂದ 6 ಡೆಸಿಬೆಲ್ ಕಳೆದು, ಉಳಿಯುವುದು 86ರಿಂದ 88. ಮಿಡ್ ಇದಕ್ಕೆ ಸಮನಾಗಿರಬೇಕು ಅಥವಾ ತುಸು ಹೆಚ್ಚಿರಬೇಕು. ಟ್ವೀಟರ್ 90 ಇದ್ದರೆ ರೆಸಿಸ್ಟರ್ ಹಾಕಿ ಇಳಿಸಬಹುದು. ಆಂಪ್ಲಿಫೈಯರ್ ಇಲ್ಲದ ಇಂಥ (ಪ್ಯಾಸಿವ್) ಕ್ರಾಸ್‌ಓವರಿನಲ್ಲಿ ಸದ್ದನ್ನು ಏರಿಸಲು ದಾರಿಯಿಲ್ಲ, ಇಳಿಸಲು ಮಾತ್ರ ಸಾಧ್ಯ ಎಂಬುದು ನೆನಪಿರಲಿ.

8 ಓಮ್‌ನ ಎರಡು ವೂಫರ್ ಸಮಾಂತರದಲ್ಲಿ 4 ಓಮ್ ಆಗುತ್ತವೆ, ಕನಿಷ್ಠ ಪ್ರತಿರೋಧ 3.2 ಓಮ್‌ವರೆಗೆ ಇಳಿಯಬಹುದು. ನಿಮ್ಮ ರಿಸೀವರಿನ ಕೈಪಿಡಿ ಇದಕ್ಕೆ ಒಪ್ಪದಿದ್ದರೆ 4 ಓಮ್‌ನ ವೂಫರ್‌ಗಳನ್ನು ತಂದು ಸರಣಿಯಲ್ಲಿ ಜೋಡಿಸಿ, ಒಟ್ಟು 8 ಓಮ್ ಆಗುತ್ತದೆ. 8 ಓಮ್‌ನವನ್ನು ಸರಣಿಯಲ್ಲಿ ಹಾಕಿ 16 ಮಾಡಬೇಡಿ. ಸದ್ದು 6 ಡೆಸಿಬೆಲ್ ಇಳಿದು, ಅದಕ್ಕೆ ಸರಿಹೊಂದಿಸಲು ಮಿಡ್ ಟ್ವೀಟರ್ ಎರಡನ್ನೂ ಹಿಂಡಬೇಕಾಗುತ್ತದೆ.

ಪೆಟ್ಟಿಗೆ ಮುಚ್ಚಿದ್ದೇ ಇರಲಿ

ಸೆಂಟರ್ ಸ್ಪೀಕರಿಗೆ ಪೋರ್ಟ್ (ಪೆಟ್ಟಿಗೆಯ ಗಾಳಿ ಹೊರಡುವ ಕೊಳವೆ) ಬೇಡ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ರಿಸೀವರ್ ಸಬ್‌ವೂಫರಿಗೆ ಕಳಿಸುತ್ತದೆ. ಮುಚ್ಚಿದ ಪೆಟ್ಟಿಗೆಯ ಸದ್ದು ತಾನೇ ಆಕ್ಟೇವ್‌ಗೆ, ಅಂದರೆ ಆವರ್ತನ ಅರ್ಧವಾದಾಗಲೊಮ್ಮೆ, 12 ಡೆಸಿಬೆಲ್ ಇಳಿಯುತ್ತದೆ. ಅದರ ಮೇಲೆ ರಿಸೀವರಿನ 12 ಸೇರಿ 24 ಆಗುತ್ತದೆ. ಸಬ್ ಕಡೆಯಿಂದಲೂ 24 ಡೆಸಿಬೆಲ್ ಇಳಿಜಾರು ಇರುವುದರಿಂದ ಎರಡೂ ಹೊಲಿಗೆ ಕಾಣದಂತೆ ಸೇರುತ್ತವೆ. ಪೋರ್ಟ್ ಇದ್ದರೆ ಈ ಲೆಕ್ಕ ತಪ್ಪುತ್ತದೆ. ಕಪಾಟಿನೊಳಗೆ ಇಟ್ಟಾಗ ಹಿಂಬದಿಯ ಪೋರ್ಟ್ ಗುಂಯ್‌ಗುಡುವುದು ಬೇರೆ.

ಗಾತ್ರ ಕಂಡುಹಿಡಿಯಲು ವೂಫರಿನ ಮಾಹಿತಿ ಹಾಳೆಯಲ್ಲಿ ಮೂರು ಅಂಕಿ ನೋಡಿ: ಎಫ್‌ಎಸ್ (Fs, ಅನುರಣನ ಆವರ್ತನ), ಕ್ಯೂಟಿಎಸ್ (Qts, ಆ ಅನುರಣನ ಎಷ್ಟು ಮೊನಚು ಎಂಬ ಅಂಕಿ, ಅಂದರೆ ಕ್ಯೂ), ವಿಎಎಸ್ (Vas, ಕೋನಿನ ಸ್ಪ್ರಿಂಗ್‌ಗುಣಕ್ಕೆ ಸಮನಾದ ಗಾಳಿಯ ಗಾತ್ರ). ಪೆಟ್ಟಿಗೆಯೊಳಗಿನ ಕ್ಯೂ 0.707 ಬರಬೇಕೆಂದು ಗುರಿ ಇಟ್ಟುಕೊಳ್ಳಿ. 0.707ನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದರ ವರ್ಗ ಮಾಡಿ, ಅದರಿಂದ 1 ಕಳೆಯಿರಿ. ವಿಎಎಸ್ಸನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದು ವೂಫರಿಗೆ ಬೇಕಾದ ಲೀಟರ್ ಸಿಗುತ್ತದೆ. ಎಫ್‌ಎಸ್ 40 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 18 ಲೀಟರ್ ಇರುವ ವೂಫರಿಗೆ ಎಂಟೂವರೆ ಲೀಟರ್ ಬರುತ್ತದೆ, ಸದ್ದು 3 ಡೆಸಿಬೆಲ್ ಇಳಿಯುವುದು 71 ಹರ್ಟ್ಸ್‌ನಲ್ಲಿ. 80ರ ಬೇರ್ಪಡಿಕೆಗೆ ಹೇಳಿ ಮಾಡಿಸಿದ ಹಾಗಿದೆ. ಗಾತ್ರದಲ್ಲಿ ಶೇ. 10ರಷ್ಟು ಆಚೀಚೆ ಆದರೆ ಕಿವಿಗೆ ತಿಳಿಯುವುದಿಲ್ಲ. ಕೈಲೆಕ್ಕ ಬೇಡವೆಂದರೆ ವಿನ್‌ಐಎಸ್‌ಡಿ ಎಂಬ ಉಚಿತ ತಂತ್ರಾಂಶ ಇದನ್ನೇ ಮಾಡಿಕೊಡುತ್ತದೆ.

ಈ ಅಂಕಿಗಳಿಗೆ ತಕ್ಕ ಪೆಟ್ಟಿಗೆಯ ಹೊರ ಅಳತೆ 600 ಅಗಲ, 260 ಎತ್ತರ, 250 ಆಳ, ಎಲ್ಲ ಮಿ.ಮೀ. ಲೆಕ್ಕದಲ್ಲಿ. 18 ಮಿ.ಮೀ. ಎಂಡಿಎಫ್‌ನಿಂದ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯಿಂದ) ಕತ್ತರಿಸಬೇಕಾದ ತುಂಡುಗಳು:

- ಮುಂದಿನ ಮತ್ತು ಹಿಂದಿನ ಹಲಗೆ: 600 × 260, ಎರಡು
- ಮೇಲಿನ ಮತ್ತು ಕೆಳಗಿನ ಹಲಗೆ: 600 × 214, ಎರಡು
- ಎರಡು ಪಕ್ಕದ ಹಲಗೆ: 224 × 214, ಎರಡು
- ಒಳಗಿನ ಅಡ್ಡಗೋಡೆ: 224 × 214, ಎರಡು
- ನಡುಕೋಣೆಯನ್ನು ಇಬ್ಭಾಗ ಮಾಡುವ ಹಲಗೆ: 224 × 140, ಒಂದು; ಇದು ಮಾತ್ರ 12 ಮಿ.ಮೀ. ದಪ್ಪ

ಪಕ್ಕದ ಹಲಗೆ ಮತ್ತು ಅಡ್ಡಗೋಡೆ ಒಂದೇ ಅಳತೆ ಇರುವುದು ಬೇಕೆಂದೇ. ನಾಲ್ಕನ್ನೂ ಗರಗಸದ ಒಂದೇ ಹೊಂದಿಕೆಯಲ್ಲಿ ಕತ್ತರಿಸಿಬಿಡಿ. ಒಂದು ಅರ್ಧ ಮಿ.ಮೀ. ಗಿಡ್ಡವಾದರೂ ಅಲ್ಲಿ ಸಂದು ಬಿಟ್ಟು, ಕೋಣೆಯಿಂದ ಕೋಣೆಗೆ ಗಾಳಿ ಸೋರುತ್ತದೆ.

ಅಡ್ಡಗೋಡೆಗಳ ನಡುವೆ 140 ಮಿ.ಮೀ. ಬಿಟ್ಟರೆ ಆಚೀಚೆ ತಲಾ 194 ಮಿ.ಮೀ. ಅಗಲದ ಎರಡು ವೂಫರ್ ಕೋಣೆಗಳು ಸಿಗುತ್ತವೆ, ಒಂದೊಂದೂ 9.3 ಲೀಟರ್. ವೂಫರಿನ ಒಡಲು ಅರ್ಧ ಲೀಟರ್ ತಿಂದರೂ ಎಂಟೂವರೆಗೆ ಹತ್ತಿರವೇ ಉಳಿಯುತ್ತದೆ. ಒಂದೊಂದು ವೂಫರಿಗೂ ಬೇರೆ ಕೋಣೆ ಇರುವುದರಿಂದ 564 ಮಿ.ಮೀ. ಉದ್ದದ ಒಂದೇ ಪೊಳ್ಳಿನಲ್ಲಿ ಏಳುವ ನಿಂತ ಅಲೆಗಳ ಕಾಟವೂ ಇಲ್ಲ, ಅಡ್ಡಗೋಡೆಗಳೇ ಪೆಟ್ಟಿಗೆಗೆ ಆಸರೆ.

ನಡುಕೋಣೆಯಲ್ಲಿ 12 ಮಿ.ಮೀ. ಹಲಗೆಯನ್ನು ಮುಂದಿನ ಹಲಗೆಯ ಒಳಮೈಯಿಂದ 130 ಮಿ.ಮೀ. ಹಿಂದೆ ಕೂರಿಸಿ. ಅದರ ಮುಂದೆ ಮಿಡ್‌ಗೆ 4 ಲೀಟರಿನ ಮುಚ್ಚಿದ ಕೋಣೆ, ಹಿಂದೆ 72 ಮಿ.ಮೀ. ಆಳದ ಜಾಗ ಕ್ರಾಸ್‌ಓವರಿಗೆ. ಈ ಗೋಡೆಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಮಿಡ್ ಹಿಂದೆ ಗೋಡೆ ಇಲ್ಲದಿದ್ದರೆ ವೂಫರ್ ಉಸಿರಾಡಿದಂತೆಲ್ಲ ಮಿಡ್‌ನ ಕೋನ್ ಒಳಹೊರಗೆ ತಳ್ಳಿಸಿಕೊಳ್ಳುತ್ತದೆ, ಸ್ಫೋಟದ ದೃಶ್ಯದಲ್ಲಿ ಮಾತು ನಡುಗುತ್ತದೆ.

ಹಿಂದಿನ ಹಲಗೆಯ ನಡುವೆ 120 × 200ರ ಬಾಗಿಲು ಕತ್ತರಿಸಿ, 150 × 230 ಅಳತೆಯ 6 ಮಿ.ಮೀ. ಮುಚ್ಚಳವನ್ನು ಫೋಮ್ ಟೇಪ್ ಇಟ್ಟು ಎಂಟು ಸ್ಕ್ರೂಗಳಿಂದ ಬಿಗಿಯಿರಿ. ಕ್ರಾಸ್‌ಓವರನ್ನು ಮತ್ತೆ ಮತ್ತೆ ಬಿಚ್ಚಬೇಕಾಗುತ್ತದೆ. ಬಾಗಿಲಿಲ್ಲದ ಪೆಟ್ಟಿಗೆಯಲ್ಲಿ ಪ್ರತಿ ಸಲವೂ ವೂಫರ್ ಕಳಚಿ ತೂತಿನೊಳಗೆ ಕೈ ಹಾಕುವಷ್ಟರಲ್ಲಿ ಎಂಡಿಎಫ್‌ನ ಸ್ಕ್ರೂ ತೂತುಗಳು ಸವೆದು ಹಿಡಿತ ಬಿಡುತ್ತವೆ.

ಮುಂದಿನ ಹಲಗೆ

ಇಡೀ ಮರಗೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ವೂಫರ್‌ಗಳ ಕೇಂದ್ರ ಎರಡು ತುದಿಗಳಿಂದ ತಲಾ 115 ಮಿ.ಮೀ., ಎತ್ತರದಲ್ಲಿ ನಡುಮಧ್ಯೆ. ಮಿಡ್‌ನ ಚೌಕಟ್ಟು 110, ಟ್ವೀಟರಿನದು 104 ಮಿ.ಮೀ. ಇದ್ದರೆ ಮಿಡ್‌ನ ಕೇಂದ್ರ ಕೆಳಗಿನ ಅಂಚಿನಿಂದ 75, ಟ್ವೀಟರಿನದು ಮೇಲಿನ ಅಂಚಿನಿಂದ 72. ಎರಡರ ನಡುವಿನ ದೂರ 113 ಮಿ.ಮೀ. ಆಗುತ್ತದೆ. ನಿಮ್ಮ ಚಾಲಕ ಕೈಗೆ ಬಂದ ಮೇಲೆ ಕ್ಯಾಲಿಪರ್‌ನಿಂದ ಅಳೆದು ಮತ್ತೆ ಗುರುತು ಹಾಕಿ. ಮಾಹಿತಿ ಹಾಳೆಯ ಚಿತ್ರ ನಂಬಿ ಕತ್ತರಿಸಿದ ತೂತು ಒಂದು ಮಿ.ಮೀ. ದೊಡ್ಡದಾದರೂ ಕೊನೆಯವರೆಗೆ ಕಣ್ಣಿಗೆ ಚುಚ್ಚುತ್ತದೆ.

ಮರ ಕೆತ್ತುವ ರೌಟರ್ ಯಂತ್ರಕ್ಕೆ ವೃತ್ತ ಕತ್ತರಿಸುವ ಜಿಗ್ (ದಾರಿ ತೋರುವ ಸಾಧನ) ಬೇಕೇ ಬೇಕು. ಕ್ರಮ ತಪ್ಪಬಾರದು: ಮೊದಲು ಚೌಕಟ್ಟು ಕೂರುವ ಅಗಲವಾದ ತಗ್ಗು, ಆಮೇಲೆ ಹಲಗೆಯನ್ನು ಪೂರ್ತಿ ದಾಟುವ ತೂತು. ತೂತನ್ನು ಮೊದಲು ಕತ್ತರಿಸಿದರೆ ಜಿಗ್‌ನ ಮೊಳೆ ನಿಲ್ಲಲು ನಡುವೆ ಮರವೇ ಇರುವುದಿಲ್ಲ. ತಗ್ಗನ್ನು ಬೇರೊಂದು ಚೂರು ಹಲಗೆಯಲ್ಲಿ ಮೊದಲು ಕೆತ್ತಿ, ಟ್ವೀಟರ್ ಇಟ್ಟು, ಉಗುರಿನಿಂದ ಅಂಚಿನ ಮೇಲೆ ಎಳೆದು ನೋಡಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಆಳ ಸರಿಯಾಗಿದೆ. ಟ್ವೀಟರಿನ ಅಂಚು ಒಂದು ಮಿ.ಮೀ. ಮೇಲೆದ್ದು ನಿಂತರೂ ಮೇಲಿನ ಆವರ್ತನಗಳಲ್ಲಿ ಸಣ್ಣ ಏರಿಳಿತ ಕಾಣುತ್ತದೆ. ಬಣ್ಣ ಬಳಿದ ಮೇಲೆ ತೂತು ಕಿರಿದಾಗುತ್ತದಾದ್ದರಿಂದ ಸುತ್ತಲೂ ಅರ್ಧ ಮಿ.ಮೀ. ಸಡಿಲ ಬಿಡಿ.

ಮಿಡ್ ಮತ್ತು ವೂಫರ್ ತೂತುಗಳ ಒಳಮೈಯನ್ನು 45 ಡಿಗ್ರಿಗೆ ಇಳಿಜಾರು ಮಾಡಿ, ಸ್ಕ್ರೂ ಬರುವ ಕಡೆ ಮಾತ್ರ ಮರ ಬಿಡಿ. ನಾಲ್ಕು ಇಂಚಿನ ಮಿಡ್‌ಗೆ ಇದು ತುಂಬ ಮುಖ್ಯ. 18 ಮಿ.ಮೀ. ದಪ್ಪದ ನೇರ ತೂತಿನಲ್ಲಿ ಅದರ ಬೆನ್ನು ಕೊಳವೆಯೊಳಗೆ ಸಿಕ್ಕಿಕೊಂಡಂತಾಗಿ ದನಿ ಮೂಗಿನಿಂದ ಬಂದಂತೆ ಕೇಳುತ್ತದೆ. ಹೊರ ಅಂಚುಗಳನ್ನು 12 ಮಿ.ಮೀ. ತ್ರಿಜ್ಯದಲ್ಲಿ ಉರುಟು ಮಾಡಿ.

ಎಂಡಿಎಫ್ ಧೂಳು ಅತಿ ನಯವಾದದ್ದು, ಜೊತೆಗೆ ಅದರಲ್ಲಿ ಅಂಟಿನ ರಾಸಾಯನಿಕವೂ ಇರುತ್ತದೆ. ಮಾಸ್ಕ್ ಹಾಕದೆ ರೌಟರ್ ಚಾಲೂ ಮಾಡಬೇಡಿ.

ಅಂಟಿಸುವುದು

ಕೆಳಗಿನ ಹಲಗೆಯ ಮೇಲೆ ಅಡ್ಡಗೋಡೆಗಳ ಜಾಗ ಗುರುತಿಸಿ, ಪಕ್ಕದ ಹಲಗೆ, ಅಡ್ಡಗೋಡೆ ನಿಲ್ಲಿಸಿ, ಮೇಲಿನ ಹಲಗೆ ಮುಚ್ಚಿ ಕ್ಲಾಂಪ್ ಹಾಕಿ. ಮರದ ಬಿಳಿ ಅಂಟು ಸಾಕು. ಕರ್ಣಗಳೆರಡನ್ನೂ ಅಳೆದು ಸಮವಿದೆಯೇ ನೋಡಿದ ಮೇಲೆಯೇ ಬಿಗಿಯಿರಿ. ಅಂಟು ಒಣಗಿದ ಮೇಲೆ 12 ಮಿ.ಮೀ. ಹಲಗೆ, ಹಿಂದಿನ ಹಲಗೆ, ಕೊನೆಗೆ ಮುಂದಿನ ಹಲಗೆ. ಪ್ರತಿ ಒಳಮೂಲೆಗೂ ಬೆರಳಿನಿಂದ ಇನ್ನೊಂದು ಗೆರೆ ಅಂಟು ಸವರಿ. ವೈರ್ ಹಾಯುವ ತೂತುಗಳನ್ನು ಮುಂದಿನ ಹಲಗೆ ಅಂಟಿಸುವ ಮೊದಲೇ ಕೊರೆದು, ವೈರ್ ಎಳೆದು, ಸಿಲಿಕೋನ್ ತುಂಬಿ. ಕತ್ತರಿಸಿದ ಎಂಡಿಎಫ್ ಅಂಚು ಬಣ್ಣವನ್ನು ಹೀರುತ್ತಲೇ ಹೋಗುತ್ತದೆ, ನೀರು ಬೆರೆಸಿದ ಅಂಟನ್ನು ಎರಡು ಸಲ ಬಳಿದು ಉಜ್ಜಿದರೆ ನಿಲ್ಲುತ್ತದೆ. ಸ್ಕ್ರೂಗಳಿಗೆ ಮೊದಲು ಸಣ್ಣ ತೂತು ಕೊರೆಯದಿದ್ದರೆ ಹಲಗೆ ಪದರಪದರವಾಗಿ ಸೀಳುತ್ತದೆ.

ಒಳಗೆ ಪಾಲಿಯೆಸ್ಟರ್ ಹತ್ತಿ: ವೂಫರ್ ಕೋಣೆಗೆ ತಲಾ 80ರಿಂದ 100 ಗ್ರಾಂ, ಚೆನ್ನಾಗಿ ಬಿಡಿಸಿ ಸಡಿಲವಾಗಿ. ಮಿಡ್ ಕೋಣೆಗೆ 60 ಗ್ರಾಂ, ಇದು ತುಸು ಒತ್ತಾಗಿಯೇ ಇರಲಿ. ವೂಫರಿನ ಬೆನ್ನಿಗೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಿ.

ಕ್ರಾಸ್‌ಓವರ್: ಪುಸ್ತಕದ ಲೆಕ್ಕ ಎಲ್ಲಿಯವರೆಗೆ

450 ಮತ್ತು 2500 ಹರ್ಟ್ಸ್‌ಗೆ ಎರಡನೆಯ ದರ್ಜೆಯ (ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಸುವ) ಲಿಂಕ್‌ವಿಟ್ಜ್-ರೈಲಿ ಎಂಬ ಕ್ರಾಸ್‌ಓವರ್ ಸೂತ್ರ ಕೊಡುವ ಮೌಲ್ಯಗಳು ಇವು. ವೂಫರ್ ಜೋಡಿಗೆ, 4 ಓಮ್ ಎಂದು ಹಿಡಿದರೆ, ಸರಣಿಯಲ್ಲಿ 2.8 ಮಿಲಿಹೆನ್ರಿ ಕಾಯಿಲ್, ಸಮಾಂತರದಲ್ಲಿ 44 ಮೈಕ್ರೋಫ್ಯಾರಡ್. ಮಿಡ್‌ನ ಕೆಳಬದಿಗೆ ಸರಣಿಯಲ್ಲಿ 22 ಮೈಕ್ರೋಫ್ಯಾರಡ್, ಸಮಾಂತರದಲ್ಲಿ 5.6 ಮಿಲಿಹೆನ್ರಿ, ಮೇಲ್ಬದಿಗೆ ಸರಣಿಯಲ್ಲಿ 1 ಮಿಲಿಹೆನ್ರಿ, ಸಮಾಂತರದಲ್ಲಿ 4 ಮೈಕ್ರೋಫ್ಯಾರಡ್. ಟ್ವೀಟರಿಗೆ ಸರಣಿಯಲ್ಲಿ 4 ಮೈಕ್ರೋಫ್ಯಾರಡ್, ಸಮಾಂತರದಲ್ಲಿ 1 ಮಿಲಿಹೆನ್ರಿ. ಟ್ವೀಟರನ್ನು 3 ಡೆಸಿಬೆಲ್ ಇಳಿಸಲು ಸರಣಿಯಲ್ಲಿ 2.2 ಓಮ್, ಟ್ವೀಟರಿನ ಎರಡು ತುದಿಗಳ ನಡುವೆ 20 ಓಮ್, ಎರಡೂ 10 ವ್ಯಾಟಿನವು.

ಇಷ್ಟನ್ನು ಕೊಂಡು ತಂದು ಬೆಸುಗೆ ಹಾಕಿದರೆ ಸ್ಪೀಕರ್ ಸದ್ದು ಮಾಡುತ್ತದೆ, ಆದರೆ ಸರಿಯಾಗಿ ಮಾಡುವ ಸಂಭವ ತೀರ ಕಡಿಮೆ. 8 ಓಮ್ ಎಂದು ಬರೆದಿರುವ ಚಾಲಕ ಯಾವ ಆವರ್ತನದಲ್ಲೂ ನೆಟ್ಟಗೆ 8 ಓಮ್ ಆಗಿ ನಿಲ್ಲುವುದಿಲ್ಲ. ಅನುರಣನದ ಬಳಿ ಶಿಖರವಾಗಿ ಏರುತ್ತದೆ, ಮೇಲೆ ಹೋದಂತೆ ವಾಯ್ಸ್ ಕಾಯಿಲ್‌ನಿಂದಾಗಿ ಮತ್ತೆ ಏರುತ್ತದೆ. ಸೂತ್ರಕ್ಕೆ ಇದೊಂದೂ ಗೊತ್ತಿಲ್ಲ. ಪೆಟ್ಟಿಗೆಯ ಅಂಚುಗಳಿಂದ ಆಗುವ ಬದಲಾವಣೆ, ಟ್ವೀಟರಿನ ಡೋಮ್ ಮುಂದಿದ್ದು ಮಿಡ್‌ನ ಕೋನ್ ಹಿಂದಿರುವುದರಿಂದ ಬರುವ ವಿಳಂಬ, ಇವೂ ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ಮೇಲಿನ ಮೌಲ್ಯಗಳನ್ನು ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ಮಾಡುವ ಅಣಕು ಪರೀಕ್ಷೆ) ಶುರುಮಾಡುವ ಜಾಗ ಎಂದಷ್ಟೇ ಬಳಸಿ. ಅಳೆಯದೆ ಭಾಗ ಕೊಳ್ಳಬೇಡಿ.

ಅಳೆಯಲು ಒಂದು ಮಾಪನ ಮೈಕ್, ಆರ್‌ಇಡಬ್ಲ್ಯೂ (Room EQ Wizard) ತಂತ್ರಾಂಶ, ವಿನ್ಯಾಸಕ್ಕೆ ವಿಟ್ವಿಕ್ಸ್‌ಕ್ಯಾಡ್ (VituixCAD) ಸಾಕು. ತಂತ್ರಾಂಶ ಎರಡೂ ಉಚಿತವಾಗಿ ಸಿಗುತ್ತವೆ. ಚಾಲಕಗಳನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಕ್ರಾಸ್‌ಓವರ್ ಇಲ್ಲದೆ ಪ್ರತಿಯೊಂದರ ವೈರನ್ನೂ ಹಿಂಬಾಗಿಲಿನಿಂದ ಹೊರಗೆ ತನ್ನಿ. ಪೆಟ್ಟಿಗೆಯನ್ನು ಕೋಣೆಯ ನಡುವೆ ಒಂದೂವರೆ ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟು, ಮೈಕನ್ನು ಒಂದು ಮೀಟರ್ ದೂರದಲ್ಲಿ ಅದೇ ಎತ್ತರಕ್ಕೆ ನಿಲ್ಲಿಸಿ. ಚಾವಣಿ 3 ಮೀಟರ್ ಎತ್ತರವಿದ್ದು ಗೋಡೆಗಳೂ ಅಷ್ಟು ದೂರ ಇದ್ದರೆ ಮೊದಲ ಪ್ರತಿಫಲನ ನೇರ ಸದ್ದಿನ 6 ಮಿಲಿಸೆಕೆಂಡ್ ನಂತರ ಬರುತ್ತದೆ. ದಾಖಲಾದ ಸದ್ದನ್ನು ತಂತ್ರಾಂಶದಲ್ಲಿ ಅದಕ್ಕೂ ಮುಂಚೆ ಕತ್ತರಿಸಿದರೆ 160-170 ಹರ್ಟ್ಸ್‌ನಿಂದ ಮೇಲಿನದು ನಂಬಬಹುದಾದ ಅಳತೆ. ಅದರ ಕೆಳಗಿನದಕ್ಕೆ ಮೈಕನ್ನು ವೂಫರ್ ಕೋನಿನಿಂದ 5 ಮಿ.ಮೀ. ದೂರ ಇಟ್ಟು ಅಳೆದು ಎರಡನ್ನೂ ಸೇರಿಸಿ.

ನೇರ ಎದುರಿಗೆ ಮಾತ್ರ ಅಳೆದು ಬಿಟ್ಟರೆ ಈ ಸ್ಪೀಕರ್ ಕಟ್ಟಿದ ಉದ್ದೇಶವೇ ಹಾಳು. ಅಡ್ಡಕ್ಕೆ 0ಯಿಂದ 90 ಡಿಗ್ರಿವರೆಗೆ 15 ಡಿಗ್ರಿಗೊಮ್ಮೆ ಪೆಟ್ಟಿಗೆ ತಿರುಗಿಸಿ, ಪ್ರತಿ ಚಾಲಕಕ್ಕೂ ಅಳೆಯಿರಿ. ತಿರುಗಿಸುವಾಗ ಮುಂದಿನ ಹಲಗೆಯ ನಡುಬಿಂದು ಜಾಗ ಬಿಡಬಾರದು. ಯುಎಸ್‌ಬಿ ಮೈಕ್ ಆದರೆ ಆರ್‌ಇಡಬ್ಲ್ಯೂನ ಅಕೂಸ್ಟಿಕ್ ಟೈಮಿಂಗ್ ರೆಫರೆನ್ಸ್ ಬಳಸಿ, ಇಲ್ಲದಿದ್ದರೆ ಚಾಲಕಗಳ ನಡುವಿನ ಸಮಯದ ವ್ಯತ್ಯಾಸ ಕಳೆದುಹೋಗಿ ಸಿಮ್ಯುಲೇಶನ್ ಸುಳ್ಳು ಹೇಳುತ್ತದೆ. ಟ್ವೀಟರನ್ನು ಕ್ರಾಸ್‌ಓವರ್ ಇಲ್ಲದೆ ಅಳೆಯುವಾಗ ಸರಣಿಯಲ್ಲಿ 20 ಮೈಕ್ರೋಫ್ಯಾರಡ್ ಆಸುಪಾಸಿನ ಕೆಪ್ಯಾಸಿಟರ್ ಇರಲಿ, ಸ್ವೀಪನ್ನು (ಕೆಳಗಿನಿಂದ ಮೇಲಿನ ಆವರ್ತನಕ್ಕೆ ಏರುವ ಪರೀಕ್ಷಾ ಸದ್ದನ್ನು) 500 ಹರ್ಟ್ಸ್‌ನಿಂದ ಸಣ್ಣ ದನಿಯಲ್ಲಿ ಶುರುಮಾಡಿ. ಪ್ರತಿ ಚಾಲಕದ ಪ್ರತಿರೋಧದ ಗೆರೆಯನ್ನೂ ಆರ್‌ಇಡಬ್ಲ್ಯೂನಲ್ಲೇ ಹೆಡ್‌ಫೋನ್ ಔಟ್‌ಪುಟ್, ಲೈನ್ ಇನ್‌ಪುಟ್ ಮತ್ತು 100 ಓಮ್ ರೆಸಿಸ್ಟರ್ ಬಳಸಿ ತೆಗೆಯಬಹುದು.

ವಿಟ್ವಿಕ್ಸ್‌ಕ್ಯಾಡ್‌ನಲ್ಲಿ ಗುರಿ ಇಷ್ಟು: ನೇರ ಎದುರಿನ ಗೆರೆ 200 ಹರ್ಟ್ಸ್‌ನಿಂದ 10 ಸಾವಿರದವರೆಗೆ ಎರಡು ಡೆಸಿಬೆಲ್ ಒಳಗೆ ಸಮವಾಗಿರಬೇಕು, 30 ಡಿಗ್ರಿಯ ಗೆರೆ ಅದೇ ಆಕಾರ ಉಳಿಸಿಕೊಂಡು ಮೇಲೆ ಮೆಲ್ಲಗೆ ಇಳಿಯಬೇಕು. ಬೇರ್ಪಡುವ ಜಾಗದಲ್ಲಿ ಎರಡು ಚಾಲಕಗಳ ಫೇಸ್ (ಅಲೆಯ ಏರಿಳಿತದ ಹಂತ) ಗೆರೆಗಳು ಒಂದರ ಮೇಲೊಂದು ಕೂರಬೇಕು. ಕೂತಿವೆಯೇ ಎಂದು ನೋಡುವ ಉಪಾಯ: ಮಿಡ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ. ಕ್ರಾಸ್‌ಓವರ್ ಜಾಗದಲ್ಲಿ 20 ಡೆಸಿಬೆಲ್‌ಗಿಂತ ಆಳವಾದ, ಎರಡು ಕಡೆ ಸಮನಾದ ಗುಂಡಿ ಬಿದ್ದರೆ ಹೊಂದಿಕೆ ಸರಿಯಾಗಿದೆ, ಮತ್ತೆ ಮೊದಲಿನಂತೆ ತಿರುಗಿಸಿ. ಗುಂಡಿ ಓರೆಯಾಗಿದ್ದರೆ ಕಾಯಿಲ್, ಕೆಪ್ಯಾಸಿಟರ್ ಮೌಲ್ಯ ಇನ್ನೂ ತಿದ್ದಬೇಕು.

ಪೆಟ್ಟಿಗೆ ಕಪಾಟಿನೊಳಗೆ ಅಥವಾ ಗೋಡೆಗೆ ಒತ್ತಿಕೊಂಡು ಇರುವುದಾದರೆ ಕೆಳ ಆವರ್ತನಕ್ಕೆ ಗೋಡೆಯೇ ಬಲ ಕೊಡುತ್ತದೆ. ಆಗ ಬ್ಯಾಫಲ್ ಸ್ಟೆಪ್‌ಗೆ (ಕೆಳ ಆವರ್ತನ ಪೆಟ್ಟಿಗೆಯ ಹಿಂದಕ್ಕೆ ಸುತ್ತಿ ಆಗುವ ನಷ್ಟಕ್ಕೆ) 6 ಡೆಸಿಬೆಲ್ ಪೂರ್ತಿ ಸರಿದೂಗಿಸಬೇಡಿ, 3 ಸಾಕು. ಖಾಲಿ ಜಾಗದಲ್ಲಿ ಅಳೆದು ಪೂರ್ತಿ ಸರಿದೂಗಿಸಿದ ಸೆಂಟರ್ ಕಪಾಟಿನಲ್ಲಿಟ್ಟ ಕೂಡಲೇ ಗಂಡಸರ ದನಿ ಊದಿಕೊಂಡು ಬರುತ್ತದೆ.

ಭಾಗಗಳ ಗುಣದಲ್ಲಿ ಎಲ್ಲಿ ಖರ್ಚು ಮಾಡಬೇಕು? ವೂಫರಿನ ಸರಣಿ ಕಾಯಿಲ್‌ನ ಪ್ರತಿರೋಧ 0.3 ಓಮ್‌ಗಿಂತ ಕಡಿಮೆ ಇರಲಿ. ತಿರುಳಿಲ್ಲದ ಗಾಳಿ ಕಾಯಿಲ್ ಇಷ್ಟು ಮಿಲಿಹೆನ್ರಿಗೆ ಭಾರಿ ಗಾತ್ರದ್ದಾಗುವುದರಿಂದ ಕಬ್ಬಿಣದ ತಿರುಳಿನದೇ ಸರಿ. ಮಿಡ್ ಮತ್ತು ಟ್ವೀಟರಿನ ಸರಣಿ ಕೆಪ್ಯಾಸಿಟರ್ ಪಾಲಿಪ್ರೊಪಿಲೀನ್ ಇರಲಿ. ವೂಫರಿನ 44 ಮೈಕ್ರೋಫ್ಯಾರಡ್‌ಗೆ ಬೈಪೋಲಾರ್ ಎಲೆಕ್ಟ್ರೋಲೈಟಿಕ್ ಧಾರಾಳವಾಗಿ ಸಾಕು.

ವೂಫರ್ ಭಾಗವನ್ನು 12 ಮಿ.ಮೀ. ಹಲಗೆಯ ಬೆನ್ನಿಗೆ, ಮಿಡ್ ಮತ್ತು ಟ್ವೀಟರ್ ಭಾಗವನ್ನು ಮುಚ್ಚಳದ ಒಳಮೈಗೆ ಕೂರಿಸಿ. ಎತ್ತರದ ಭಾಗಗಳು ಎದುರುಬದುರು ಬರದ ಹಾಗೆ ಮೊದಲು ಕಾಗದದ ಮೇಲೆ ಜೋಡಿಸಿ ನೋಡಿ. ಕಾಯಿಲ್‌ಗಳ ಅಕ್ಷಗಳು ಒಂದಕ್ಕೊಂದು ಲಂಬವಾಗಿರಲಿ, ಒಂದು ಮಲಗಿದ್ದರೆ ಪಕ್ಕದ್ದು ನಿಂತಿರಲಿ. ಒಂದೇ ದಿಕ್ಕಿಗೆ ಪಕ್ಕಪಕ್ಕ ಇಟ್ಟರೆ ವೂಫರಿನ ಸಿಗ್ನಲ್ ಕಾಂತಕ್ಷೇತ್ರದ ಮೂಲಕ ಟ್ವೀಟರಿನ ದಾರಿಗೆ ದಾಟುತ್ತದೆ. ಎಲ್ಲವನ್ನೂ ಅಂಟು ಮತ್ತು ಜಿಪ್ ಟೈ ಎರಡರಿಂದಲೂ ಬಿಗಿಯಿರಿ. ಸಡಿಲ ಕಾಯಿಲ್ ಜುಂಯ್‌ಗುಡುವುದನ್ನು ಹೊರಗಿನಿಂದ ಪತ್ತೆ ಹಚ್ಚುವುದು ಬಹಳ ಕಷ್ಟ.

ಮುಚ್ಚುವ ಮೊದಲು

1.5 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ವೂಫರಿನ ಪ್ಲಸ್ ವೈರಿಗೆ ಕ್ಷಣ ಮುಟ್ಟಿಸಿ. ಕೋನ್ ಮುಂದೆ ಬರಬೇಕು. ಎರಡೂ ವೂಫರ್ ಒಂದೇ ಕಡೆ ಚಲಿಸಬೇಕು. ಒಂದು ಉಲ್ಟಾ ಆಗಿದ್ದರೆ ಕೆಳಗಿನ ಸದ್ದೆಲ್ಲ ಮಾಯವಾಗಿ ದನಿ ತೆಳ್ಳಗಾಗುತ್ತದೆ. ಟ್ವೀಟರಿಗೆ ಬ್ಯಾಟರಿ ಮುಟ್ಟಿಸಬೇಡಿ. ಎಲ್ಲ ಕೂರಿಸಿದ ಮೇಲೆ ಒಂದು ವೂಫರಿನ ಕೋನನ್ನು ಬೆರಳುಗಳಿಂದ ಸಮವಾಗಿ ಒಳಕ್ಕೆ ಒತ್ತಿ ಬಿಡಿ, ನಿಧಾನವಾಗಿ ಹಿಂದಿರುಗಿದರೆ ಕೋಣೆ ಗಾಳಿಯಾಡುತ್ತಿಲ್ಲ. ಪಟ್ಟನೆ ಎದ್ದರೆ ಎಲ್ಲೋ ಸೋರುತ್ತಿದೆ. ವೈರಿನ ತೂತು ಮತ್ತು ಚೌಕಟ್ಟಿನ ಕೆಳಗಿನ ಗ್ಯಾಸ್ಕೆಟ್ ಮೊದಲು ನೋಡಿ.

ಇಡುವ ಜಾಗ, ರಿಸೀವರ್ ಹೊಂದಿಕೆ

ಪೆಟ್ಟಿಗೆಯ ಮುಖ ಕಪಾಟಿನ ಅಂಚಿಗೆ ಸಮನಾಗಿ ಅಥವಾ ಒಂದೆರಡು ಸೆಂ.ಮೀ. ಹೊರಗೆ ಇರಬೇಕು. ಹಿಂದಕ್ಕೆ ತಳ್ಳಿದರೆ ಪೆಟ್ಟಿಗೆಯ ಮುಂದೆ ಉಳಿಯುವ ಕಪಾಟಿನ ಹಲಗೆಯ ಮೇಲೆ ಬಿದ್ದು ಪ್ರತಿಫಲಿಸಿದ ಸದ್ದು ನೇರ ಸದ್ದಿನೊಡನೆ ಕಲೆತು, ಮಾತು ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ. ಎಷ್ಟೋ ಸಲ ಕ್ರಾಸ್‌ಓವರಿನ ತಪ್ಪೆಂದು ತಿಳಿದದ್ದು ಇದೇ ಆಗಿರುತ್ತದೆ.

ಮುಖ ಕೇಳುವವರ ಕಿವಿಯತ್ತ ತಿರುಗಿರಲಿ. ಟ್ವೀಟರ್ ನೆಲದಿಂದ ಅರ್ಧ ಮೀಟರ್, ಕಿವಿ ಒಂದು ಮೀಟರ್ ಎತ್ತರ, ನಡುವೆ 3 ಮೀಟರ್ ದೂರವಿದ್ದರೆ ಬೇಕಾದ ಓರೆ ಒಂಬತ್ತೂವರೆ ಡಿಗ್ರಿ. 250 ಮಿ.ಮೀ. ಆಳದ ಪೆಟ್ಟಿಗೆಗೆ ಮುಂಭಾಗದಲ್ಲಿ 42 ಮಿ.ಮೀ. ಎತ್ತರದ ರಬ್ಬರ್ ಅಂಟಿಸಿದ ಗುಟ್ಟ ಕೊಟ್ಟರೆ ಅಷ್ಟಾಗುತ್ತದೆ. ಟಿವಿಯ ಮೇಲೆ ಇಡುವುದಾದರೆ ಕೆಳಮುಖವಾಗಿ ಓರೆ ಮಾಡಿ.

ರಿಸೀವರಿನಲ್ಲಿ ಸೆಂಟರನ್ನು ಸ್ಮಾಲ್ ಎಂದು, ಕ್ರಾಸ್‌ಓವರನ್ನು 80 ಹರ್ಟ್ಸ್ ಎಂದು ಇಡಿ. ಸ್ವಯಂ ಹೊಂದಿಕೆ ಲಾರ್ಜ್ ಎಂದು ತೋರಿಸಿದರೂ ಬದಲಾಯಿಸಿ. ದೂರ ಮತ್ತು ಮಟ್ಟ ಅಳೆದು ಹೊಂದಿಸಿದ ಮೇಲೆ ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ ಶ್‌ಶ್ ಎಂಬ ಪರೀಕ್ಷಾ ಸದ್ದು) ಹಾಕಿಕೊಂಡು ಸೋಫಾದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಯಿರಿ. ಸದ್ದಿನ ಬಣ್ಣ ಹೆಚ್ಚುಕಡಿಮೆ ಹಾಗೇ ಉಳಿಯಬೇಕು. ಸರಿಯುವಾಗ ಶ್‌ಶ್ ಎಂಬುದು ಹುಶ್ ಎಂದು ತಿರುಚಿಕೊಂಡರೆ ವೂಫರ್‌ಗಳು ಬೇಕಾದ್ದಕ್ಕಿಂತ ಮೇಲಕ್ಕೆ ಏರುತ್ತಿವೆ ಎಂದರ್ಥ. ಸರಣಿ ಕಾಯಿಲ್ ದೊಡ್ಡದು ಮಾಡಿ ನೋಡಿ.

ಮಾತಿನಲ್ಲಿ ಸ, ಶ ಚುಚ್ಚುತ್ತಿದ್ದರೆ ಟ್ವೀಟರ್ ಒಂದು ಡೆಸಿಬೆಲ್ ಹೆಚ್ಚಿದೆ, ಸರಣಿ ರೆಸಿಸ್ಟರನ್ನು 2.2ರಿಂದ 3ಕ್ಕೆ ಏರಿಸಿ. ಮೂಗುದನಿ ಬಂದರೆ 800ರಿಂದ 1500 ಹರ್ಟ್ಸ್ ನಡುವಿನ ಉಬ್ಬನ್ನೂ ಮಿಡ್‌ನ ಹಿಂದಿನ ಇಳಿಜಾರನ್ನೂ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಬದಲಾಯಿಸಿದ ಮೇಲೆ ಮತ್ತೆ ಅಳೆಯಿರಿ, ಪ್ರತಿ ಅಳತೆಯ ಕಡತಕ್ಕೂ ಆ ದಿನ ಹಾಕಿದ್ದ ಭಾಗದ ಮೌಲ್ಯವನ್ನೇ ಹೆಸರಾಗಿ ಕೊಡಿ.